31 ಮಿಲಿಗ್ರಾಂ, 40 ನಿಮಿಷ: ಬಳ್ಳಾರಿಯಲ್ಲಿ ಕೆಟಮಿನ್ ಚಿಕಿತ್ಸೆ

ಐದಕ್ಕೆ ಮೂರೂವರೆ ಸ್ಟಾರ್. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ, ಬಳ್ಳಾರಿಯಲ್ಲಿದೆ ಅಂದರೆ ಸಾಕು.

ನಾನು ಕೊಪ್ಪಳದ ಹೈಸ್ಕೂಲೊಂದರಲ್ಲಿ ಗಣಿತ ಟೀಚರು. ಖಿನ್ನತೆಗೆ ಎರಡು ಬಗೆಯ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಬೆಳಿಗ್ಗೆ ಎದ್ದು ಸೀರೆ ಉಡುವುದೇ ಗುಡ್ಡ ಹತ್ತಿದ ಹಾಗಿತ್ತು. ಕೊನೆಗೆ ನಮ್ಮ ಮನೋವೈದ್ಯರೇ ಕೆಟಮಿನ್‌ಗೆ ಚೀಟಿ ಬರೆದರು. ಅಮೆರಿಕದಲ್ಲಿ 1970ರಲ್ಲಿ ಅನುಮತಿ ಪಡೆದ ಅರಿವಳಿಕೆ ಔಷಧವಿದು. ಖಿನ್ನತೆಗೆ ಇದನ್ನು ಡ್ರಿಪ್ಪಿನಲ್ಲಿ ಕೊಡುವುದು ವೈದ್ಯರ ವಿವೇಚನೆ ಮೇಲೆ. ಇಷ್ಟನ್ನೂ ಮೊದಲ ದಿನವೇ ಕೂರಿಸಿ ಕನ್ನಡದಲ್ಲಿ ಹೇಳಿ, ಒಪ್ಪಿಗೆ ಪತ್ರ ಓದಿಸಿಯೇ ಸಹಿ ಹಾಕಿಸಿಕೊಂಡರು.

ಪ್ರಮಾಣ ಕಿಲೋಗೆ ಅರ್ಧ ಮಿಲಿಗ್ರಾಂ, 40 ನಿಮಿಷದಲ್ಲಿ ಹೋಗಬೇಕು. ನಾನು 62 ಕಿಲೋ, ಅಂದರೆ 31 ಮಿಲಿಗ್ರಾಂ. ಸೀಸೆಯ ಮೇಲೆ ಎಂಎಲ್‌ಗೆ 50 ಮಿಲಿಗ್ರಾಂ ಅಂತಿತ್ತು, ಹಾಗಾದರೆ 0.62 ಎಂಎಲ್. ಸಿಸ್ಟರ್ ಸಿರಿಂಜಿಗೆ ಎಳೆಯುವಾಗ ಜೋರಾಗಿಯೇ ಲೆಕ್ಕ ಹೇಳಿದೆ. "ಏನ್ರೀ ಟೀಚರ್, ನಮಗೂ ಪರೀಕ್ಷೆ ಇಟ್ಟಿರೇನು?" ಅಂದರು. ಇಟ್ಟೆ. ಹುಡುಗರು ದಶಾಂಶ ಬಿಂದು ಒಂದು ಮನೆ ಸರಿಸಿದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ಸರಿದರೆ 310 ಮಿಲಿಗ್ರಾಂ, ಪೂರ್ತಿ ಪ್ರಜ್ಞೆ ತಪ್ಪಿಸುವಷ್ಟು. ಆಕ್ಸಿಜನ್, ಬಿಪಿ ಮಾನಿಟರ್, ಬೆರಳಿಗೆ ಕ್ಲಿಪ್, ಅರಿವಳಿಕೆ ವೈದ್ಯರು ಎಲ್ಲ ಇರಬೇಕಾದದ್ದು ಅದಕ್ಕೇ.

ಹತ್ತನೇ ನಿಮಿಷಕ್ಕೆ ನನ್ನ ಕೈ ಯಾರದೋ ಅನ್ನಿಸಿತು. ಫ್ಯಾನು ಮೇಲಕ್ಕೆ, ಮೇಲಕ್ಕೆ ಹೋಯಿತು. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. 126/80 ಇದ್ದ ಬಿಪಿ 154/92ಕ್ಕೆ ಏರಿ, ಗಂಟೆಯೊಳಗೆ ಇಳಿಯಿತು. ಸಿರುಗುಪ್ಪದಿಂದ ಬಂದಿದ್ದ ಒಬ್ಬ ಹಿರಿಯರನ್ನು ಅವತ್ತೇ "ಬಿಪಿ ಹತೋಟಿಗೆ ತಂದುಕೊಂಡು ಬನ್ನಿ" ಅಂತ ವಾಪಸು ಕಳಿಸಿದರು. ಅವರು ಗೊಣಗುತ್ತ ಹೋದರು. ಬಂದ ರೊಕ್ಕ ಬಿಟ್ಟುಕೊಡುವ ಕ್ಲಿನಿಕ್ ಅಂತ ನನಗೆ ನಂಬಿಕೆ ಬಂದದ್ದು ಆಗ.

ಅಂಕ ಕಳೆದದ್ದು ಮೂರನೇ ಸಲ. ಔಷಧ ಬಿಡುವ ಪಂಪು ಓಡುತ್ತಿರುವಾಗಲೇ ಅರಿವಳಿಕೆ ವೈದ್ಯರು ಬೇರೆ ಆಸ್ಪತ್ರೆಯ ಸಿಜೇರಿಯನ್‌ಗೆ ಹೊರಟರು. ಸಿಸ್ಟರೂ ಕೌಂಟರಿಗೆ ಹೋದರು. ಹೊರಗೆ ಟಿವಿಯಲ್ಲಿ ಧಾರಾವಾಹಿಯ ಅತ್ತೆ-ಸೊಸೆ ಜಗಳ. ಕೆಟಮಿನ್ ಇಳಿಯುವಾಗ ಸಣ್ಣ ಸದ್ದೂ ದೊಡ್ಡದಾಗಿ ಬಡಿಯುತ್ತದೆ. ಆ ಅತ್ತೆ ನನ್ನ ತಲೆಯೊಳಗೇ ಕೂತು ಕಿರುಚಿದಳು, ಕರೆಯೋಣವೆಂದರೆ ನಾಲಿಗೆ ಹೊರಳದು. ಎದ್ದ ಮೇಲೆ ಜಗಳ ಆಡಿದೆ. ನಾಲ್ಕನೇ ಸಲದಿಂದ ವೈದ್ಯರು ಕದಲಲಿಲ್ಲ, ಟಿವಿ ಬಂದ್. ಅರ್ಧ ಸ್ಟಾರ್ ವಾಪಸು ಕೊಟ್ಟದ್ದು ಅದಕ್ಕೆ. ಬಿಲ್ಲಿನಲ್ಲಿ ಮಾತ್ರ ಬರೀ "ಐವಿ ಥೆರಪಿ" ಅಂತ ಇರುತ್ತದೆ. ಔಷಧದ ಹೆಸರು, ಪ್ರಮಾಣ, ಬಿಪಿ ಬರೆದ ಚೀಟಿ ಕೇಳಿ ಇಸಿದುಕೊಳ್ಳಿ. ನಾಳೆ ಇನ್ನೊಬ್ಬ ವೈದ್ಯರಿಗೆ ತೋರಿಸಲು ಬೇಕು.

ಹೊಟ್ಟೆ ಖಾಲಿ ಇರಬೇಕು. ನಮ್ಮ ಯಜಮಾನರು ಒಗ್ಗರಣಿ-ಮಿರ್ಚಿ ತಿಂದು ಬಂದು ಪಕ್ಕದಲ್ಲಿ ಕೂತಿದ್ದೂ ಒಂದು ಶಿಕ್ಷೆಯೇ. ಮೊದಲ ಸಲ ಅವತ್ತೇ ರೈಲು ಹತ್ತಿದೆವು. ತೋರಣಗಲ್ಲಿನ ಚಿಮಣಿ ಕಾಣುವಷ್ಟರಲ್ಲಿ ವಾಂತಿ. ಆಮೇಲೆ ಸ್ಟೇಷನ್ ಹತ್ತಿರ ಲಾಡ್ಜು ಹಿಡಿದು ರಾತ್ರಿ ಉಳಿಯುತ್ತಿದ್ದೆವು. ಮರುದಿನದವರೆಗೆ ಗಾಡಿ ಮುಟ್ಟುವಂತಿಲ್ಲ, ಒಬ್ಬರೇ ಹೋಗುವಂತೆಯೂ ಇಲ್ಲ. ರಾತ್ರಿ ನುಂಗುತ್ತಿದ್ದ ಆತಂಕದ ಮಾತ್ರೆ ಕ್ಲೋನಜೆಪಾಮ್, ಕೆಟಮಿನ್‌ನ ಗುಣ ತಗ್ಗಿಸಬಹುದಂತೆ, ಅದನ್ನು ವೈದ್ಯರೇ ಹೊಂದಿಸಿಕೊಟ್ಟರು. ನೀವಾಗಿ ನಿಲ್ಲಿಸಬೇಡಿ.

ಮೂರು ವಾರದಲ್ಲಿ ಆರು ಸಲ, ಸಲಕ್ಕೆ 4,500. ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಎರಡನೇ ಸಲದ ಮರುದಿನ ಮನೆಯಲ್ಲಿ ಹಾಲು ಉಕ್ಕಿತು, ನಾನು ಮಗನಿಗೆ ಬೈದೆ. "ಬೈದಳು ನೋಡು!" ಅಂತ ನಮ್ಮತ್ತೆ ಕಣ್ಣೊರೆಸಿಕೊಂಡರು. ಅವರಿಗೆ ಅಷ್ಟು ದಿನ ನನ್ನ ದನಿಯೇ ಕೇಳಿರಲಿಲ್ಲ.

ಐದು ವಾರಕ್ಕೆ ಬೆಳಗು ಮತ್ತೆ ಭಾರವಾಗತೊಡಗಿದೆ. ಪದೇ ಪದೇ, ವರ್ಷಗಟ್ಟಲೆ ತೆಗೆದುಕೊಂಡರೆ ಮೂತ್ರಕೋಶಕ್ಕೆ ಪೆಟ್ಟು ಬೀಳಬಹುದಾದ್ದರಿಂದ ಉರಿ ಇದೆಯಾ, ಆಗಾಗ ಹೋಗುತ್ತೀರಾ ಅಂತ ಕೇಳಿಯೇ ಇನ್ನೊಂದು ಸಲಕ್ಕೆ ದಿನ ಕೊಟ್ಟರು. ಮಾತ್ರೆ ನಡೆದೇ ಇದೆ. ಮಂಗಳವಾರ ಹೋಗುತ್ತೇನೆ. ಊಟ ಸೇರುತ್ತಿರುವುದರಿಂದ ತೂಕ ಈಗ 64. ಅಂದರೆ 32 ಮಿಲಿಗ್ರಾಂ, 0.64 ಎಂಎಲ್. ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.