ಕ್ಲೌಡ್‌ನಲ್ಲಿ ಎರಡು ಕಾಪಿ ಇದೆ ಅಂದರೆ ಬ್ಯಾಕಪ್ ಇದೆ ಅಂತ ತಿಳೀಬೇಡಿ

ಸಹಕಾರಿ ಸಂಘ, ಶಾಲೆ, ಸಗಟು ಅಂಗಡಿ ನಡೆಸುವವರು ದಯವಿಟ್ಟು ಓದಿ. "ನಿಮ್ಮ ಡೇಟಾ ಎರಡು ಡೇಟಾ ಸೆಂಟರ್‌ನಲ್ಲಿದೆ ಸರ್, ಏನೂ ಆಗಲ್ಲ" ಅಂತ ನಮ್ಮ ಪತ್ತಿನ ಸಂಘಕ್ಕೂ ಸಾಫ್ಟ್‌ವೇರ್ ಕಂಪನಿಯವರು ಹೇಳಿದ್ದರು.

ಒಂದು ಶನಿವಾರ ಸಂಜೆ ಅವರ ಹುಡುಗ ಒಬ್ಬ ಸದಸ್ಯರ ಸಾಲದ ಬಾಕಿ ತಿದ್ದಲು ಹೋಗಿ, ಅಪ್‌ಡೇಟ್ ಕ್ವೆರಿಯಲ್ಲಿ (ಡೇಟಾ ಬದಲಿಸುವ ಆದೇಶ) ಯಾರ ಖಾತೆ ಅಂತ ಹೇಳುವ 'ವೇರ್' ಷರತ್ತು ಹಾಕದೆ ಓಡಿಸಿಬಿಟ್ಟ. ಎಲ್ಲರ ಬಾಕಿಯೂ ಒಂದೇ ಮೊತ್ತ! ಗೊತ್ತಾಗಿದ್ದು ಸೋಮವಾರ ಕೌಂಟರ್ ತೆರೆದ ಮೇಲೆ. "ಇನ್ನೊಂದು ಕಾಪಿಯಿಂದ ತೆಗೀರಿ" ಅಂದೆವು. ಅದರಲ್ಲೂ ಅದೇ ಮೊತ್ತ.

ಆಗೋದೇ ಹಾಗೆ. ಆ ಇನ್ನೊಂದು ಕಾಪಿ, ಅಂದರೆ ಸ್ಟ್ಯಾಂಡ್‌ಬೈ, ಇರೋದು ಮೂಲ ಸರ್ವರ್ ಕೆಟ್ಟರೆ ಕೆಲಸ ನಿಲ್ಲದಿರಲಿ ಅಂತ. ಅದೇ ಪ್ರದೇಶದ ಬೇರೆ ಡೇಟಾ ಸೆಂಟರ್‌ನಲ್ಲಿ ಕೂತು, ಮೂಲದಲ್ಲಿ ಬರೆದದ್ದನ್ನೆಲ್ಲ ಆ ಕ್ಷಣವೇ ತಾನೂ ಬರೆದುಕೊಳ್ಳುತ್ತದೆ. ಸರಿಯೋ ತಪ್ಪೋ ನೋಡುವುದಿಲ್ಲ. ಹಿಂದಿನ ಸ್ಥಿತಿ ಬೇಕಾದರೆ ದಿನದ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಪೂರ್ತಿ ನಕಲು) ಇರಬೇಕು, ಅದರ ಮೇಲೆ ಟ್ರಾನ್ಸಾಕ್ಷನ್ ಲಾಗ್ (ಆಮೇಲಾದ ಒಂದೊಂದು ಬದಲಾವಣೆಯ ದಾಖಲೆ) ಇರಬೇಕು. ಆಗ 'ಶನಿವಾರ ಸಂಜೆ 5:40ಕ್ಕೆ ಇದ್ದ ಹಾಗೆ' ಹೊಸದೊಂದು ಡೇಟಾಬೇಸ್ ಎಬ್ಬಿಸಬಹುದು. ಎಷ್ಟು ದಿನ ಹಿಂದಕ್ಕೆ ಹೋಗಬಹುದು ಅನ್ನೋದು ರಿಟೆನ್ಷನ್ ಸೆಟ್ಟಿಂಗ್ (ಬ್ಯಾಕಪ್ ಎಷ್ಟು ದಿನ ಇಡಬೇಕು ಅನ್ನೋದು) ಮೇಲಿದೆ. ನಮಗೆ ಇಟ್ಟಿದ್ದು ಒಂದೇ ದಿನ, ಸೋಮವಾರದ ಹೊತ್ತಿಗೆ ಶನಿವಾರದ್ದು ಹೋಗಿತ್ತು. (ನಮ್ಮದು ಬೇರೆ ಸೇವೆ, ಆದರೆ ಅಮೆಜಾನ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲೂ 35 ದಿನದವರೆಗೆ ಇಡಲು ಅವಕಾಶ ಇದ್ದರೂ, ಕಮಾಂಡ್ ಲೈನ್‌ನಲ್ಲಿ (ಆದೇಶ ಟೈಪ್ ಮಾಡಿ) ಎಷ್ಟು ದಿನ ಅಂತ ಹೇಳದೆ ಡೇಟಾಬೇಸ್ ಮಾಡಿದರೆ ಸಿಗೋದು 1 ದಿನ.)

ಕೊನೆಗೆ ಸದಸ್ಯರ ಪಾಸ್‌ಬುಕ್ ತರಿಸಿ, ಪ್ರಿಂಟ್ ಹಾಕಿಟ್ಟ ಡೇ ಬುಕ್ ಜೊತೆ ತಾಳೆ ನೋಡಿ ಲೆಡ್ಜರ್ ಮತ್ತೆ ಕಟ್ಟಿದೆವು. ಪ್ರಿಂಟ್ ಯಾಕೆ, ಕಾಗದ ದಂಡ ಅಂತಿದ್ದ ನಿರ್ದೇಶಕರು ಆಮೇಲೆ ಆ ಮಾತೆತ್ತಿಲ್ಲ.

ಇದು ಬರೀ ಸಣ್ಣವರ ಪಾಡಲ್ಲ. 2017ರ ಜನವರಿ 31ರಂದು, ಸಾಫ್ಟ್‌ವೇರ್ ಬರೆಯುವವರು ಕೋಡ್ ಇಡುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ಸ್ಟ್ಯಾಂಡ್‌ಬೈ ಅಂದುಕೊಂಡು ಮೂಲ ಸರ್ವರ್‌ನ ಡೇಟಾವನ್ನೇ ಅಳಿಸಿದರು. ನೋಡಿದರೆ ನಿತ್ಯದ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಫೇಲ್ ಆಗಿದೆ ಅನ್ನುವ ಇಮೇಲ್‌ಗಳೂ ತಲುಪಿರಲಿಲ್ಲ. ಸುಮಾರು ಆರು ಗಂಟೆ ಹಿಂದೆ ಯಾರೋ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಉಳಿಸಿತು.

ಹಾಗಾಗಿ "ಬ್ಯಾಕಪ್ ಇದೆಯಾ" ಅಂತ ಕೇಳಿ ಪ್ರಯೋಜನವಿಲ್ಲ, ಇದೆ ಅಂತಲೇ ಹೇಳುತ್ತಾರೆ. ಹೋದ ವಾರದ ಯಾವುದಾದರೂ ದಿನ ಹೇಳಿ, ಆ ದಿನದ ಲೆಡ್ಜರ್ ನಿಮ್ಮೆದುರೇ ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿಸಿ. ಕ್ಲೌಡ್ ಖಾತೆ ಅವರ ಹೆಸರಲ್ಲಿದ್ದರೆ, ಜಗಳ ಆಡಿ ಕಂಪನಿ ಬದಲಿಸುವ ಮೊದಲೇ ಪೂರ್ತಿ ಡಂಪ್ (ಇಡೀ ಡೇಟಾದ ನಕಲು ಫೈಲ್) ತಗೊಂಡು ನಿಮ್ಮಲ್ಲಿಟ್ಟುಕೊಳ್ಳಿ. ಡೇಟಾಬೇಸ್ ಅಳಿಸಿದರೆ ಅದರ ಆಟೋಮ್ಯಾಟಿಕ್ ಬ್ಯಾಕಪ್‌ಗಳೂ ಜೊತೆಗೇ ಹೋಗುವ ಸೇವೆಗಳಿವೆ.