ಥೀಮ್ ಡಿಟೆಕ್ಟರಲ್ಲಿ ಏನೂ ಸಿಗ್ಲಿಲ್ವಾ? ‘ನನ್ನತ್ರ ಉಂಟು’ ಅನ್ನುವವನಿಗೆ ಹಣ ಹಾಕ್ಬೇಡಿ

ಪೆರ್ಲ, ಬದಿಯಡ್ಕ, ಕುಂಬಳೆ ಕಡೆ ಮನೆಯಲ್ಲೇ ಹಪ್ಪಳ ಉಪ್ಪಿನಕಾಯಿ ಮಾಡಿ ಆನ್‌ಲೈನಲ್ಲಿ ಮಾರುವವರಿಗೋಸ್ಕರ ಇದನ್ನು ಬರಿತಿದ್ದೇನೆ. ನನ್ನ ಅತ್ತಿಗೆಯ ಎಂಟು ಸಾವಿರ ರೂಪಾಯಿ ಹೋಯ್ತು, ನಿಮ್ಮದು ಹೋಗುದು ಬೇಡ.

ಅತ್ತಿಗೆಯದ್ದು ಹಲಸಿನ ಹಪ್ಪಳ, ಮಾಂಬಳ, ಕಾಟುಮಾವಿನ ಉಪ್ಪಿನಕಾಯಿ. ಆನ್‌ಲೈನ್ ಅಂಗಡಿ ನಡೆಸ್ಲಿಕ್ಕೆ ಇರುವ ಶಾಪಿಫೈ ಅನ್ನುವ ಸೇವೆಯಲ್ಲಿ ಅಂಗಡಿ ಉಂಟು. ಬೆಂಗಳೂರಿನ ಒಂದು ತಿಂಡಿ ಅಂಗಡಿಯ ಸೈಟ್ ಭಾರಿ ಇಷ್ಟ ಆಗಿ, ಅದು ಯಾವ ಥೀಮ್ (ಅಂದ್ರೆ ಸೈಟಿಗೆ ಆ ರೂಪ ಕೊಡುವ ಫೈಲುಗಳು) ಅಂತ, ಥೀಮಿನ ಹೆಸರು ಹುಡುಕಿ ಹೇಳುವ ಡಿಟೆಕ್ಟರ್ ಟೂಲಿಗೆ ಲಿಂಕ್ ಹಾಕಿ ನೋಡಿದ್ರೆ ರಿಸಲ್ಟೇ ಇಲ್ಲ, ಇನ್ನೊಂದು ಟೂಲಲ್ಲಿಯೂ ಇಲ್ಲ, ಕೊನೆಗೆ ಒಂದು ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರು. ಕೇಳಿದ್ದೇ ತಡ, ಒಬ್ಬ ಪರ್ಸನಲ್ ಮೆಸೇಜಿಗೆ ಬಂದ. “ಅಕ್ಕಾ ಅದು ಪ್ರೈವೇಟ್ ಥೀಮ್, ಯಾವ ಟೂಲಿಗೂ ಸಿಗುದಿಲ್ಲ, ನನ್ನತ್ರ ಫೈಲ್ ಉಂಟು” ಅಂತ. ಟೂಲಿಗೆ ಸಿಗದೇ ಇದ್ದದ್ದನ್ನೇ ಸಾಕ್ಷಿ ಮಾಡಿಕೊಂಡ ನೋಡಿ, ಅಲ್ಲಿ ಉಂಟು ಅವನ ಜಾಣತನ.

ಹಣ ಹೋದ ಮೇಲೆ ಒಂದು ಜಿಪ್ ಫೈಲ್ ಬಂತು. ಅಪ್‌ಲೋಡ್ ಮಾಡಿದ್ರೆ ಬೆಂಗಳೂರಿನ ಸೈಟಿಗೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಲ್ಯಾಪ್‌ಟಾಪಲ್ಲಿ ಆ ಥೀಮ್ ಹಾಕಿದ ಅತ್ತಿಗೆಯ ಪೇಜ್ ತೆರೆದು ಕಂಟ್ರೋಲ್ ಯು ಒತ್ತಿ, ಬಂದ ಕೋಡಿನೊಳಗೆ ‘ಶಾಪಿಫೈ ಡಾಟ್ ಥೀಮ್’ ಅಂತ ಇಂಗ್ಲಿಷಲ್ಲಿ ಹುಡುಕಿದೆ. ಒಂದೇ ಸಾಲು. ಅದರಲ್ಲಿ ನೇಮ್ ಅಂತ ಇರುವ ಕಡೆ ಅವ ಇಟ್ಟ ಎಂತದೋ ರಾಯಲ್ ಪ್ರೀಮಿಯಂ ಹೆಸರು, ಪಕ್ಕದಲ್ಲೇ ಸ್ಕೀಮಾ ನೇಮ್ (ಥೀಮಿನ ಮೂಲ ಹೆಸರು) ಅಂತ ಇರುವಲ್ಲಿ ‘ಡಾನ್’! ಡಾನ್ ಅಂದ್ರೆ 2021ರಲ್ಲಿ ಶಾಪಿಫೈಯವರೇ ಬಿಟ್ಟ ಫ್ರೀ ಥೀಮ್, ಯಾರು ಬೇಕಾದ್ರೂ ಥೀಮ್ ಸ್ಟೋರಿಂದ ದುಡ್ಡಿಲ್ಲದೆ ಹಾಕಿಕೊಳ್ಬಹುದು. ಮೇಲಿನ ಹೆಸರು ಬದಲಾಯಿಸಿದ ಮಹಾಶಯನಿಗೆ ಒಳಗಿನದ್ದು ಬದಲಾಯಿಸ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ.

ಈ ಡಿಟೆಕ್ಟರುಗಳು ಮಾಡುದು ಕೂಡ ಹೆಚ್ಚುಕಮ್ಮಿ ಇಷ್ಟೇ, ಮಂತ್ರ ಎಂತದೂ ಇಲ್ಲ. ಪೇಜಿನ ಕೋಡ್ ಓದಿ ಆ ಸಾಲು ಹುಡುಕಿ, ಹೆಸರು ಮತ್ತೆ ಥೀಮ್ ಸ್ಟೋರ್ ಐಡಿಯನ್ನು (ಸ್ಟೋರಲ್ಲಿ ಆ ಥೀಮಿಗೆ ಇರುವ ನಂಬರ್) ತಮ್ಮ ಪಟ್ಟಿಯ ಜೊತೆ ತಾಳೆ ನೋಡ್ತವೆ. ಅಂಗಡಿಯವರು ಥೀಮಿಗೆ ‘ಓಣಂ ಸೇಲ್ ಫೈನಲ್ ನ್ಯೂ’ ಅಂತ ಹೆಸರಿಟ್ಟು, ಜಿಪ್ಪಿಂದ ಹಾಕಿದ ಕಾರಣ ಐಡಿ ಜಾಗವೂ ಖಾಲಿ ಇದ್ರೆ, ಬರೀ ಹೆಸರು ನೋಡುವ ಟೂಲ್ ಕೈಚೆಲ್ತದೆ. ಡೆವಲಪರ್ ಹತ್ರ ಮೊದಲಿಂದ ಬರೆಸಿದ ಥೀಮ್ ಆದ್ರೆ ಪಟ್ಟಿಯಲ್ಲೇ ಇರುದಿಲ್ಲ. ಸೈಟಿನವರು ಬಾಟುಗಳನ್ನು (ತಾನಾಗಿ ಬಂದು ಪೇಜ್ ಓದುವ ಪ್ರೋಗ್ರಾಮುಗಳನ್ನು) ತಡೆದಿದ್ರೆ ಟೂಲಿಗೆ ಸಿಗುದು ಅಂಗಡಿಯ ಪೇಜ್ ಅಲ್ಲ, ತಡೆಯುವ ಪೇಜ್. ಕೆಲವು ಕಡೆ ಮುಖಪುಟ ವರ್ಡ್‌ಪ್ರೆಸ್ ಅನ್ನುವ ಬೇರೆ ಸಾಫ್ಟ್‌ವೇರಲ್ಲಿ, ಅಂಗಡಿ ಮಾತ್ರ ಅದೇ ಸೈಟಿನ ಬೇರೆ ವಿಳಾಸದಲ್ಲಿ (ಸಬ್‌ಡೊಮೇನ್), ಅಲ್ಲಿ ಐಟಮ್ ಪೇಜಿನ ಲಿಂಕನ್ನೇ ಹಾಕ್ಬೇಕು. ಸೈಟು ಶಾಪಿಫೈಯದ್ದೇ ಅಲ್ಲದಿದ್ರೆ ಅಂತೂ ಕೇಳುದೇ ಬೇಡ.

ಬೆಂಗಳೂರಿನವರ ಸೈಟನ್ನೂ ತೆರೆದು ನೋಡಿದೆ. ಚಿತ್ರಗಳೆಲ್ಲ ಶಾಪಿಫೈಯ ಸರ್ವರಿಂದಲೇ ಬರ್ತವೆ, ಹಣ ಕಟ್ಟುವ ಪೇಜೂ ಅವರದ್ದೇ, ಆದ್ರೆ ಆ ಥೀಮಿನ ಸಾಲು ಎಲ್ಲಿಯೂ ಇಲ್ಲ. ಇದಕ್ಕೆ ಹೆಡ್‌ಲೆಸ್ ಅಂತಾರೆ. ಎದುರಿಗೆ ಕಾಣುವ ಸೈಟನ್ನು ಬೇರೆಯೇ ಕಟ್ಟಿ, ಐಟಮು, ರೇಟು, ಸ್ಟಾಕನ್ನು ಮಾತ್ರ ಶಾಪಿಫೈಯಿಂದ ಎಳ್ಕೊಳ್ಳುದು. ಅಂದ್ರೆ ಅಲ್ಲಿ ಥೀಮ್ ಅನ್ನುವ ಫೈಲೇ ಇಲ್ಲ ಮಾರಾಯ್ರೆ! ಇಲ್ಲದ್ದನ್ನು ಅವ ಎಂಟು ಸಾವಿರಕ್ಕೆ ಮಾರಿದ್ದು.

ಇನ್ನೊಂದು ಉಂಟು, ಹಣಕ್ಕಿಂತ ದೊಡ್ಡದು. “ನಾನೇ ಹಾಕಿ ಕೊಡ್ತೇನೆ” ಅಂತ ಓನರ್ ಲಾಗಿನ್ ಪಾಸ್‌ವರ್ಡ್ ಕೇಳಿದ್ದ. ಅತ್ತಿಗೆ ಕೊಡ್ಲಿಲ್ಲ, ಪುಣ್ಯ. ನಿಜವಾದ ಡೆವಲಪರಿಗೆ ಅದು ಬೇಕಾಗಿಲ್ಲ, ತಮ್ಮದೇ ಅಕೌಂಟಿಂದ ನಿಮ್ಮ ಅಂಗಡಿಯಲ್ಲಿ ಕೆಲಸ ಮಾಡ್ಲಿಕ್ಕೆ ಅನುಮತಿ ಕೇಳುವ ಕೊಲಾಬರೇಟರ್ ರಿಕ್ವೆಸ್ಟ್ ಕಳಿಸ್ತಾರೆ, ಬೇಕಾದಷ್ಟೇ ಪರ್ಮಿಷನ್ ನೀವು ಕೊಟ್ರೆ ಆಯ್ತು. ಸಿಕ್ಕಿದ ಜಿಪ್ಪನ್ನು ಓಡ್ತಿರುವ ಅಂಗಡಿಗೆ ಹಾಕುದೂ ಬೇಡ, ಒಳಗೆ ಯಾವ ಸ್ಕ್ರಿಪ್ಟ್ ತುರುಕಿರ್ತಾರೋ. ದುಡ್ಡಿನ ಥೀಮೇ ಬೇಕಾದ್ರೆ ಶಾಪಿಫೈಯ ಥೀಮ್ ಸ್ಟೋರಲ್ಲಿ ಮೊದಲು ಸುಮ್ನೆ ಹಾಕಿ ನೋಡ್ಬಹುದು, ಪಬ್ಲಿಶ್ ಮಾಡುವಾಗ ಹಣ ಕಟ್ಟಿದ್ರೆ ಸಾಕು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದ್ದೇವೆ, ದುಡ್ಡು ಇನ್ನೂ ಬರ್ಲಿಲ್ಲ. ಅವ ನಂಬರ್ ಬದಲಾಯಿಸಿ ಬೇರೆ ಗ್ರೂಪುಗಳಲ್ಲಿ ಇದ್ದಾನಂತೆ. ಡಿಟೆಕ್ಟರಿನ ‘ಸಿಗಲಿಲ್ಲ’ ಅನ್ನುವ ಸ್ಕ್ರೀನ್‌ಶಾಟ್ ಕಳಿಸಿ ಶುರು ಮಾಡ್ತಾನೆ, ಬಂದ್ರೆ ಹಣದ ಮಾತಿಗೆ ಮೊದಲು ಡೆಮೊ ಲಿಂಕ್ (ಆ ಥೀಮ್ ಹಾಕಿದ ಮಾದರಿ ಅಂಗಡಿಯ ಲಿಂಕ್) ಕೇಳಿ. ಅತ್ತಿಗೆಗೆ ಕೊನೆವರೆಗೂ ಕೊಟ್ಟಿರ್ಲಿಲ್ಲ.