ಸಂಸತ್ತಿನ ಪ್ರಶ್ನೋತ್ತರ ಪೋರ್ಟಲ್: ಶಸ್ತ್ರಾಸ್ತ್ರ ರಫ್ತಿನ ಲೆಕ್ಕ ಹುಡುಕುವವರಿಗೆ ಎಷ್ಟು ಉಪಯೋಗ?

ಭಾರತ ಯಾವ ದೇಶಕ್ಕೆ ಎಷ್ಟು ಶಸ್ತ್ರಾಸ್ತ್ರ ಮಾರುತ್ತಿದೆ ಎಂದು ತಿಳಿಯಲು ಹೊರಟವರು ಕೊನೆಗೆ ಬಂದು ನಿಲ್ಲುವುದು ಸಂಸದ್ ಡಾಟ್ ಇನ್ ಪೋರ್ಟಲ್‌ನ ಮುಂದೆ. ಎರಡೂ ಸದನಗಳ ಪ್ರಶ್ನೋತ್ತರ, ಚರ್ಚೆಯ ನಡಾವಳಿ, ಸಮಿತಿ ವರದಿಗಳು ಬಿಟ್ಟಿಯಾಗಿ ಒಂದೇ ಕಡೆ ಸಿಗುತ್ತವೆ. 'ಎಷ್ಟು' ಎಂಬುದಕ್ಕೆ ಇಲ್ಲಿ ಉತ್ತರವಿದೆ. 'ಯಾರಿಗೆ' ಎಂಬುದಕ್ಕೆ ಬಹುಪಾಲು ಇಲ್ಲ. ಇಷ್ಟು ಗೊತ್ತಿಟ್ಟುಕೊಂಡು ಒಳಗೆ ಹೋದರೆ ಅರ್ಧ ದಿನ ಉಳಿಯುತ್ತದೆ.

ಮೊದಲ ಎಡವಟ್ಟು ಆಗುವುದು ಸಚಿವಾಲಯ ಆರಿಸುವಲ್ಲೇ. ರಫ್ತು ನಿಯಂತ್ರಣದ ಪಟ್ಟಿಗೆ ನಮ್ಮಲ್ಲಿ ಸ್ಕೋಮೆಟ್ ಎಂದು ಹೆಸರು. ಅದರ 6ನೇ ವರ್ಗ ಮಾತ್ರ ಶುದ್ಧ ಯುದ್ಧಸಾಮಗ್ರಿ. ಅದಕ್ಕೆ ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಡ್ರೋನ್ ಹೆಚ್ಚಾಗಿ 5ಬಿ ವರ್ಗಕ್ಕೆ ಸೇರುತ್ತದೆ, ಸೇನೆಗೂ ನಾಗರಿಕರಿಗೂ ಬಳಕೆಯಾಗುವ ಬಹಳಷ್ಟು ಎಲೆಕ್ಟ್ರಾನಿಕ್ಸ್ 8ನೇ ವರ್ಗಕ್ಕೆ. ಇವೆರಡೂ ವಾಣಿಜ್ಯ ಸಚಿವಾಲಯದ ಅಡಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಹೋಗುತ್ತವೆ. ಪರಮಾಣು ಸಂಬಂಧಿ ಸಾಮಗ್ರಿ 0 ವರ್ಗ, ಅದು ಅಣುಶಕ್ತಿ ಇಲಾಖೆಯ ಪಾಲು. 'ರಕ್ಷಣೆ' ಎಂದಷ್ಟೇ ಒತ್ತಿ ಹುಡುಕಿದವರಿಗೆ ಡ್ರೋನ್ ಕುರಿತ ಉತ್ತರ ಕಾಣದಿದ್ದರೆ ಅಚ್ಚರಿಯಿಲ್ಲ. ವಾಣಿಜ್ಯ ಮತ್ತು ವಿದೇಶಾಂಗ ಸಚಿವಾಲಯಗಳನ್ನೂ ಬೇರೆ ಬೇರೆಯಾಗಿ ಆರಿಸಿ ಮತ್ತೆ ಹುಡುಕಬೇಕು.

ಇನ್ನು ಪ್ರಶ್ನೆಯ ಬಗೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಚುಕ್ಕೆ ರಹಿತಕ್ಕೆ ಲಿಖಿತ ಉತ್ತರವಷ್ಟೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಆದರೆ ಪ್ರಶ್ನೋತ್ತರ ಅವಧಿಯ ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ಮೊದಲ ನಾಲ್ಕೈದು ಪ್ರಶ್ನೆಗಳಿಗಷ್ಟೇ ಸರದಿ ಬರುತ್ತದೆ. ಬಹಳ ಜನ ತಪ್ಪುವುದು ಇಲ್ಲಿ: ಪಿಡಿಎಫ್‌ನಲ್ಲಿರುವುದು ಮುಂಚೆಯೇ ಸಿದ್ಧಪಡಿಸಿ ಮಂಡಿಸಿದ ಹೇಳಿಕೆ ಮಾತ್ರ. ಉಪಪ್ರಶ್ನೆಗೆ ಸಚಿವರು ಬಾಯಲ್ಲಿ ಹೇಳಿದ್ದು ಅದರಲ್ಲಿರುವುದಿಲ್ಲ. ಅದಕ್ಕೆ ಅದೇ ದಿನಾಂಕದ ನಡಾವಳಿ ತೆರೆಯಬೇಕು. ಕಚೇರಿ ಬರೆದುಕೊಟ್ಟದ್ದನ್ನು ಬಿಟ್ಟು ಹೊಸದೇನಾದರೂ ಹೊರಬಿದ್ದರೆ ಅದು ಅಲ್ಲಿಯೇ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಹೀಗೆ ಹುಡುಕುವುದು ಮಾತ್ರ ದಂಡ. ಆಗ ಪ್ರಶ್ನೋತ್ತರ ಅವಧಿಯೇ ಇರಲಿಲ್ಲ, ಲಿಖಿತ ಉತ್ತರಗಳಷ್ಟೇ ಇವೆ.

ಅಂಕಿಗಳ ಮಟ್ಟಿಗೆ ಪೋರ್ಟಲ್ ಚೆನ್ನಾಗಿದೆ. 2013-14ರಲ್ಲಿ 686 ಕೋಟಿ ರೂಪಾಯಿ ಇದ್ದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿ ಮುಟ್ಟಿತು. ಅದರಲ್ಲಿ ಖಾಸಗಿ ವಲಯದ್ದು 15,233 ಕೋಟಿ, ಸಾರ್ವಜನಿಕ ಉದ್ಯಮಗಳದ್ದು 8,389 ಕೋಟಿ. ಆ ವರ್ಷ ಕೊಟ್ಟ ರಫ್ತು ಅನುಮತಿ 1,762. '34 ಪಟ್ಟು ಏರಿಕೆ' ಎಂಬ ಘೋಷಣೆ ಸುಳ್ಳಲ್ಲ. ಆದರೆ ಏರಿಕೆ ನೇರ ಗೆರೆಯೂ ಅಲ್ಲ. 2018-19ರಲ್ಲಿ 10,746 ಕೋಟಿ ಇದ್ದದ್ದು ಮರುವರ್ಷ 9,116ಕ್ಕೆ, ಅದರ ಮರುವರ್ಷ 8,435ಕ್ಕೆ ಇಳಿದಿತ್ತು. ಮೊದಲ ಮತ್ತು ಕೊನೆಯ ವರ್ಷವನ್ನಷ್ಟೇ ಹಿಡಿದರೆ ಈ ತಗ್ಗು ಮರೆಯಾಗುತ್ತದೆ. ವರ್ಷವಾರು ಕೋಷ್ಟಕವಿರುವ ಉತ್ತರವನ್ನೇ ಆರಿಸಿಕೊಳ್ಳಿ. ಕೋಷ್ಟಕದ ತಲೆಬರಹವನ್ನೂ ಓದಿ. 'ಅನುಮತಿಯ ಮೌಲ್ಯ' ಎಂದರೆ ಕಾಗದದ ಮೇಲಿನ ಮೊತ್ತ, 'ರಫ್ತು' ಎಂದರೆ ಹಡಗು ಹತ್ತಿದ್ದು. ಇವೆರಡನ್ನು ಒಂದೇ ಸಾಲಿನಲ್ಲಿ ಕೂಡಿಸಿದರೆ ಲೆಕ್ಕ ಕೆಡುತ್ತದೆ.

ದೇಶದ ಹೆಸರು ಕೇಳಿದ ಕೂಡಲೇ ಉತ್ತರ ತುಟಿ ಬಿಗಿಯುತ್ತದೆ. ಕಾರ್ಯತಂತ್ರದ ಕಾರಣಕ್ಕೆ ವಿವರ ಬಹಿರಂಗಪಡಿಸಲಾಗದು ಎಂಬ ಧಾಟಿಯ ಒಂದು ಸಾಲು, ಅಷ್ಟೆ. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿನ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಯಂತೆ, ನೇಟೊ ಹಾಗೂ ಕೆಲವು ಆಪ್ತ ದೇಶಗಳನ್ನು ಬಿಟ್ಟು ಉಳಿದವರಿಗೆ 1.4 ಕೋಟಿ ಡಾಲರ್ ದಾಟುವ ಪ್ರಮುಖ ಯುದ್ಧೋಪಕರಣವನ್ನು ಸರ್ಕಾರ ಮಾರುವುದಾದರೆ 30 ದಿನ ಮುಂಚೆ ಕಾಂಗ್ರೆಸ್‌ಗೆ ತಿಳಿಸಬೇಕು. 2024ರ ಫೆಬ್ರವರಿ 1ರ ಅಂಥದೊಂದು ನೋಟಿಸ್‌ನಲ್ಲಿ ಭಾರತಕ್ಕೆ 31 ಎಂಕ್ಯೂ-9ಬಿ ಡ್ರೋನ್, 170 ಹೆಲ್‌ಫೈರ್ ಕ್ಷಿಪಣಿ, ಅಂದಾಜು 399 ಕೋಟಿ ಡಾಲರ್ ಎಂದು ಬಿಡಿಬಿಡಿಯಾಗಿ ಇದೆ. ಭಾರತ ಕೊಳ್ಳುವುದು ವಾಷಿಂಗ್ಟನ್‌ನಲ್ಲಿ ಬಿಚ್ಚುಪುಟ, ಭಾರತ ಮಾರುವುದು ದೆಹಲಿಯಲ್ಲಿ ಮುಚ್ಚಿದ ಲಕೋಟೆ. ಕೋರ್ಟಿನ ದಾರಿಯೂ ಸುಲಭವಿಲ್ಲ. ಇಸ್ರೇಲ್‌ಗೆ ಶಸ್ತ್ರಾಸ್ತ್ರ ರಫ್ತು ತಡೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 9ರಂದು, ಇದು ವಿದೇಶಾಂಗ ನೀತಿಯ ವಿಷಯವೆಂದು ವಜಾ ಮಾಡಿತು.

ಸುತ್ತುದಾರಿ ಒಂದಿದೆ. ವಾಣಿಜ್ಯ ಸಚಿವಾಲಯದ ರಫ್ತು-ಆಮದು ದತ್ತಾಂಶದಲ್ಲಿ ಎಚ್‌ಎಸ್ ಕೋಡ್ (ಸರಕಿನ ಬಗೆ ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) ಹಾಕಿ ದೇಶವಾರು ನೋಡುವುದು. ಶಸ್ತ್ರ, ಮದ್ದುಗುಂಡು 93ನೇ ಅಧ್ಯಾಯ. ಅಲ್ಲಿಗೇ ನಿಲ್ಲಿಸಬೇಡಿ. ವಿಮಾನದ ಬಿಡಿಭಾಗ 8807ರಲ್ಲಿದೆ (2022ಕ್ಕೂ ಮುಂಚಿನ ವರ್ಷಗಳಿಗೆ 8803), ರೇಡಾರ್ 8526ರಲ್ಲಿ, ಯುದ್ಧನೌಕೆ 8906ರಲ್ಲಿ, ಟ್ಯಾಂಕ್ ಮತ್ತು ಕವಚವಾಹನ 8710ರಲ್ಲಿ. 8807ರಲ್ಲಿ ನಾಗರಿಕ ವಿಮಾನದ ಭಾಗಗಳೂ ಬೆರೆತಿರುತ್ತವೆ, ಆದ್ದರಿಂದ ಆ ಮೊತ್ತವನ್ನು ಇಡಿಯಾಗಿ ರಕ್ಷಣೆಗೆ ಬರೆಯುವಂತಿಲ್ಲ. ಬೆಂಗಳೂರಿನ ಬಿಇಎಲ್, ಎಚ್‌ಎಎಲ್‌ಗಳ ವಿಷಯದಲ್ಲಿ ಕೆಲಸ ಹಗುರ. ಎರಡೂ ಷೇರುಪೇಟೆಯಲ್ಲಿರುವ ಕಂಪನಿಗಳು, ವಾರ್ಷಿಕ ವರದಿಯಲ್ಲಿ ರಫ್ತಿನ ವಿವರ ಸಿಗುತ್ತದೆ. ಪಟ್ಟಿಯಾಗದ ಖಾಸಗಿ ಕಂಪನಿಗಳದೇ ನಿಜವಾದ ಕತ್ತಲೆ.

ಸ್ಥಾಯಿ ಸಮಿತಿಗಳ ಪುಟ ಇಡೀ ಪೋರ್ಟಲ್‌ನಲ್ಲಿ ಓದಲು ಹೆಚ್ಚು ಲಾಭವಿರುವ ಭಾಗ, ಜನ ತೆರೆಯುವುದು ಮಾತ್ರ ಕಡಿಮೆ. ರಕ್ಷಣಾ ಸ್ಥಾಯಿ ಸಮಿತಿಯಲ್ಲಿ 31 ಸದಸ್ಯರು, 21 ಲೋಕಸಭೆಯವರು, 10 ರಾಜ್ಯಸಭೆಯವರು. ಸಚಿವಾಲಯ ಕೇಳುವ ಬಜೆಟ್ ಹಣವನ್ನು ಪರಿಶೀಲಿಸುವ ಅನುದಾನ ಬೇಡಿಕೆ ವರದಿ ಹಲವು ಸಂಪುಟಗಳಲ್ಲಿ ಬರುತ್ತದೆ. ರಫ್ತಿನ ಮಾತು ಇರುವುದು ಸಾರ್ವಜನಿಕ ಉದ್ಯಮಗಳ ಸಂಪುಟದಲ್ಲಿ. ಅದರ ಜೊತೆಗೆ ಸರ್ಕಾರದ ಕ್ರಮ ವರದಿಯನ್ನೂ ಇಟ್ಟು ಓದಿ. ಯಾವ ಶಿಫಾರಸನ್ನು ಸರ್ಕಾರ ಒಪ್ಪಿತು, ಯಾವುದರಿಂದ ನುಣುಚಿಕೊಂಡಿತು ಎಂಬುದು ಅಲ್ಲಿ ತಿಳಿಯುತ್ತದೆ. ಮಿತಿಯೂ ದೊಡ್ಡದೇ: ಸಭೆ ಬಾಗಿಲು ಮುಚ್ಚಿ ನಡೆಯುತ್ತದೆ, ದೈನಂದಿನ ಆಡಳಿತ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಒಂದೊಂದು ರಫ್ತು ಪರವಾನಗಿಯನ್ನು ಕೈಗೆತ್ತಿಕೊಂಡು ನೋಡುವ ಸಂಸದೀಯ ಸಮಿತಿ ನಮ್ಮಲ್ಲಿಲ್ಲ.

'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು' ಎಂಬ ಉತ್ತರ ಸಿಕ್ಕರೆ ಕೈಚೆಲ್ಲಬೇಡಿ, ಅದು ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಸರ್ಕಾರಿ ಭರವಸೆಗಳ ಸಮಿತಿಯ ಪುಟದಲ್ಲಿ ಅದರ ಗತಿ ಹುಡುಕಬಹುದು. ಬಹಿರಂಗಪಡಿಸಲಾಗದು ಎಂಬ ಉತ್ತರಕ್ಕೆ ಈ ಬಾಲವಿಲ್ಲ, ಅಲ್ಲಿಗೆ ಬಾಗಿಲು ಮುಚ್ಚಿತು.

ಭಾಷೆಯ ಕೊರತೆಯನ್ನೂ ಹೇಳಬೇಕು. ಉತ್ತರ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಶೋಧಪದ ಉದ್ದವಾದಷ್ಟೂ ಫಲಿತಾಂಶ ಸೊರಗುತ್ತದೆ. ಒಂದೇ ಪದ ಹಾಕಿ, ಸಚಿವಾಲಯ ಮತ್ತು ಅಧಿವೇಶನದಿಂದ ಸೋಸುವುದು ವಾಸಿ.

ನಿಮ್ಮ ಸಂಸದರ ಮೂಲಕ ಪ್ರಶ್ನೆ ಕೇಳಿಸುವ ಆಲೋಚನೆಯಿದ್ದರೆ ಕನಿಷ್ಠ 15 ಪೂರ್ಣ ದಿನಗಳ ನೋಟಿಸ್ ಬೇಕು. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ದೇಶದ ಹೆಸರು ಕೇಳಿ ಒಂದು ಅವಕಾಶ ಹಾಳುಮಾಡಬೇಡಿ. ಸ್ಕೋಮೆಟ್ ಪಟ್ಟಿಯ 6ಎ001ರಿಂದ 6ಎ022ರವರೆಗಿನ ಉಪವರ್ಗವಾರು ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಅನುಮತಿ ಸಿಕ್ಕಿತು, ಎಷ್ಟು ತಿರಸ್ಕೃತವಾದವು, ಸರಕು ತಲುಪಿದ ಮೇಲೆ ಅಂತಿಮ ಬಳಕೆದಾರರ ಪರಿಶೀಲನೆ ಎಷ್ಟು ಕಡೆ ನಡೆಯಿತು ಎಂದು ಕೇಳಿಸಿ. ಯಾವ ದೇಶವನ್ನೂ ಹೆಸರಿಸದ ಬರೀ ಸಂಖ್ಯೆಗೆ ಕಾರ್ಯತಂತ್ರದ ನೆಪ ಒಡ್ಡುವುದು ಕಷ್ಟ.